ಡೌ, ಜ಼ೀಬೆಕ್, ದ್ರುವಾ: ಇಂಗ್ಲಿಷರ ಬಾಯಲ್ಲಿ ಹಾಯಿದೋಣಿಗಳ ಹೆಸರು

ಗಂಗೊಳ್ಳಿಯವಳು:

ಎಲ್ಲರಿಗೂ ನಮಸ್ಕಾರ. ನನ್ನ ಊರು ಗಂಗೊಳ್ಳಿ. ಮದುವೆಯಾದ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್‌ಗೆ ಬಂದೆ. ಇಲ್ಲಿನ ಒಂದು ಸಣ್ಣ ಕಡಲ ಮ್ಯೂಸಿಯಂನಲ್ಲಿ ಶನಿವಾರ, ಭಾನುವಾರ ಸಂಬಳವಿಲ್ಲದ ಗೈಡ್ ಆಗಿ ಕೆಲಸ ಮಾಡುತ್ತೇನೆ. ಈಗ ಅಲ್ಲಿ ಹೊಸ ಆಡಿಯೊ ಗೈಡ್ ತಯಾರಾಗುತ್ತಿದೆ. ಬಂದವರು ಹೆಡ್‌ಫೋನ್ ಹಾಕಿಕೊಂಡು ಒಂದೊಂದು ದೋಣಿಯ ಮಾದರಿ ಮುಂದೆ ನಿಂತರೆ ಅದರ ಕಥೆ ಕೇಳಿಸಬೇಕು. ಬೇರೆ ದೇಶಗಳ ಹಾಯಿದೋಣಿಗಳ ಭಾಗ ಓದುವ ಕೆಲಸ ನನಗೆ ಸಿಕ್ಕಿದೆ. ತುಂಬ ಖುಷಿಯಿಂದ ಒಪ್ಪಿಕೊಂಡೆ.

ಓದಲು ಕೂತಾಗ ಹೆಸರುಗಳೇ ಕೈ ಕಟ್ಟಿಹಾಕಿದವು. ಅರಬ್ಬರ ಡೌ, ನೈಲ್ ನದಿಯ ಫೆಲುಕಾ, ಮೆಡಿಟರೇನಿಯನ್ನಿನ ಜ಼ೀಬೆಕ್, ಚೀನಾದ ಜಂಕ್, ತುರ್ಕಿಯ ಕೈಈಕ್, ಮಾಲ್ಟಾದ ಒಂದು ದೋಣಿ, ಫಿಜಿಯ ದ್ರುವಾ, ಜಾಂಜಿಬಾರಿನ ಎರಡು ಪಕ್ಕೆಮರದ (ಮಗುಚದ ಹಾಗೆ ಪಕ್ಕಕ್ಕೆ ಕಟ್ಟುವ ಮರ) ಪುಟ್ಟ ದೋಣಿ. ಒಂದೇ ಹೆಸರನ್ನು ನಮ್ಮಲ್ಲೇ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಇಂಗ್ಲಿಷ್ ನಿಘಂಟಿನಲ್ಲಿ ಇರುವ ಹಾಗೆ ಓದಿಬಿಡು, ಕೇಳುವವರಿಗೆ ಅದೇ ಸುಲಭ ಅಂತ ಮೇಲ್ವಿಚಾರಕರು ಹೇಳಿದರು. ಅವರ ಮಾತಿನಲ್ಲೂ ಅರ್ಥ ಇದೆ. ಆದರೆ ಇವುಗಳಲ್ಲಿ ಅರ್ಧ ಹೆಸರು ಸಾಮಾನ್ಯ ನಿಘಂಟಿನಲ್ಲಿ ಇಲ್ಲವೇ ಇಲ್ಲ.

ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಆ ಮಾಲ್ಟಾದ ದೋಣಿ. ಅದರ ಹೆಸರನ್ನು ರೋಮನ್ ಅಕ್ಷರದಲ್ಲಿ ನೋಡಿದರೆ ಡಿ, ಜಿ, ಎಚ್, ಎ, ಜೆ, ಎಸ್, ಎ ಅಂತ ಇದೆ. ಗಾಜಿನ ಪೆಟ್ಟಿಗೆ ಮೇಲಿನ ಚೀಟಿ ಓದಿ ನಮ್ಮ ಗೈಡ್ ಒಬ್ಬರು ‘ಡಗಾಜ್‌ಸಾ’ ಅಂತ ವಿವರಿಸುತ್ತಿದ್ದರು. ಮಾಲ್ಟಾದಿಂದ ಬಂದಿದ್ದ ಕುಟುಂಬವೊಂದು ಸುಮ್ನೆ ಕೇಳುತ್ತಾ ನಿಂತಿತ್ತು. ಯಾವುದರ ಬಗ್ಗೆ ಮಾತು ಅಂತ ಅವರಿಗೆ ತಿಳಿಯಲೇ ಇಲ್ಲ. ಪೆಟ್ಟಿಗೆ ಹತ್ತಿರ ಬಂದು ದೋಣಿ ನೋಡಿದ ಮೇಲೆ ಅಜ್ಜಿಯೊಬ್ಬರು ‘ಓ, ದೈಸಾ!’ ಅಂದರು. ತಮ್ಮೂರಿನ ಬಂದರಿನ ದೋಣಿಯ ಹೆಸರು ಅವರಿಗೇ ಗುರುತು ಸಿಗಲಿಲ್ಲ. ನಮ್ಮಲ್ಲಿ ನೌಕಾಪಡೆಯಿಂದ ನಿವೃತ್ತರಾದ ಒಬ್ಬ ಹಿರಿಯರಿದ್ದಾರೆ. ಅವರು ಮಾತ್ರ ಮೊದಲಿಂದಲೂ ಅದನ್ನು ‘ಡೈಸೊ’ ಅನ್ನುತ್ತಿದ್ದರು. ಪುಸ್ತಕ ಓದಿದವರಿಗಿಂತ ಇವರೇ ಹತ್ತಿರ ಹೋಗಿದ್ದು ಹೇಗೆ ಅಂತ ಆಶ್ಚರ್ಯವಾಯಿತು.

ನನಗೆ ಇದು ಬರೀ ಉಚ್ಚಾರದ ಶಿಸ್ತಿನ ಪ್ರಶ್ನೆ ಅಲ್ಲ. ನಮ್ಮ ಅಜ್ಜಯ್ಯ ಮಚ್ವೆ ಅನ್ನುವ ಹಾಯಿದೋಣಿಯಲ್ಲಿ ಸರಕು ಹಾಕಿಕೊಂಡು ಹೋಗುತ್ತಿದ್ದವರು. ಪತ್ತೆಮಾರಿ ಅನ್ನುವ ನಮ್ಮ ಕರಾವಳಿಯ ಸರಕಿನ ಹಾಯಿಹಡಗಿನ ಹೆಸರನ್ನು ಮೊದಲು ಕೇಳಿದ್ದು ಅವರ ಬಾಯಲ್ಲಿ. ಇಲ್ಲಿ ಅದರ ಮಾದರಿಯೊಂದು ಇದೆ, ಚೆಂದದ ಕೆಲಸ. ಅದನ್ನು ‘ಪ್ಯಾಟಮಾ’ ಅಂತ ಕರೆಯುವುದು ಕೇಳಿದಾಗ ಏನೋ ಒಂದು ಥರ ಆಗುತ್ತದೆ. ಬೇರೆಯವರ ದೋಣಿಯ ಹೆಸರು ನನ್ನ ಬಾಯಲ್ಲಿ ಕೆಡಬಾರದು ಅನ್ನುವ ಆಸೆ ಅಲ್ಲಿಂದ ಬಂದದ್ದು.

ಹಾಗಾಗಿ ಎರಡು ಪ್ರಶ್ನೆ. ಇಂಗ್ಲಿಷಿನವರ ಈ ಉಚ್ಚಾರಗಳು ಎಲ್ಲಿಂದ ಬಂದವು? ಆಡಿಯೊದಲ್ಲಿ ನಾನು ಯಾವುದನ್ನು ಓದಲಿ? ಆಯಾ ಊರಿನಲ್ಲಿ ಇದ್ದು ಕಿವಿಯಾರೆ ಕೇಳಿದವರು ಇದ್ದರೆ ದಯವಿಟ್ಟು ಬರೆಯಿರಿ.

ಭಟ್ಕಳಿ, ಮಸ್ಕತ್:

ಅಕ್ಕ, ಡೌ ಬಗ್ಗೆ ನಾನು ಹೇಳುತ್ತೇನೆ. ಕೆಲಸದ ಮೇಲೆ ಆಗಾಗ ಸೂರ್ ಕಡೆ ಹೋಗುತ್ತಿರುತ್ತೇನೆ. ಒಮಾನಿನಲ್ಲಿ ಮರದ ಹಡಗು ಕಟ್ಟುವುದಕ್ಕೆ ಹೆಸರಾದ ಊರು ಅದು.

ಅಲ್ಲಿನ ಹಳಬರ ಹತ್ತಿರ ‘ಡೌ ತೋರಿಸಿ’ ಅಂದರೆ ನೀವು ಪ್ರವಾಸಿ ಅಂತ ತಕ್ಷಣ ಗೊತ್ತಾಗುತ್ತದೆ. ಅರಬ್ಬರು ಎಲ್ಲ ಹಾಯಿಹಡಗುಗಳಿಗೂ ಸೇರಿಸಿ ಆ ಒಂದು ಹೆಸರು ಬಳಸುವುದಿಲ್ಲ. ಒಡಲಿನ ಆಕಾರ ನೋಡಿ ಹೆಸರು ಹೇಳುತ್ತಾರೆ. ಹಿಂದೆ ಮುಂದೆ ಎರಡೂ ಕಡೆ ಚೂಪಾಗಿದ್ದರೆ ಬೂಮ್. ಹಿಂಭಾಗ ಚೌಕವಾಗಿ, ಕೆತ್ತನೆ ಇದ್ದರೆ ಬಗ್ಲಾ ಅಥವಾ ಗಂಜಾ. ಇನ್ನು ಸಂಬೂಕ್ ಇದೆ, ಬದನ್ ಇದೆ. ಸೂರ್‌ನಲ್ಲಿ ‘ಫತಹ್ ಅಲ್ ಖೈರ್’ ಎಂಬ ಹಳೆಯ ಗಂಜಾವನ್ನು ಉಳಿಸಿ ನಿಲ್ಲಿಸಿದ್ದಾರೆ. ಹೋದವರು ತಪ್ಪದೆ ನೋಡಿ.

ಡೌ ಪದದ ಹುಟ್ಟು ಎಲ್ಲಿ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಅರಬ್ಬಿಯಲ್ಲಿ ದಾವ್, ಸ್ವಾಹಿಲಿಯಲ್ಲಿ ದಾವು, ಮರಾಠಿಯಲ್ಲಿ ಡಾವ್ ಇದೆ. ಇಂಗ್ಲಿಷಿನವರು ‘ಕೌ’ಗೆ ಪ್ರಾಸ ಕೂಡಿಸಿ ಡೌ ಅನ್ನುತ್ತಾರೆ. ಸದ್ದು ಅಷ್ಟೇನೂ ದೂರ ಹೋಗಿಲ್ಲ. ಬರವಣಿಗೆಯಲ್ಲಿ ಡಿ ಪಕ್ಕ ಒಂದು ಎಚ್ ಬಂದು ಕೂತಿದೆ. ಅದನ್ನು ನೋಡಿ ನಮ್ಮವರು ‘ಧೌ’ ಅನ್ನುವುದನ್ನು ಕೇಳಿದ್ದೇನೆ. ಅಲ್ಲಿ ಮಹಾಪ್ರಾಣ ಬೇಡ. ಡೌ ಅನ್ನುವುದನ್ನು ಹಾಗೇ ಬಿಡಿ ಅಕ್ಕ, ಆದರೆ ಪಕ್ಕದಲ್ಲಿ ಆ ನಿರ್ದಿಷ್ಟ ಹಡಗಿನ ಹೆಸರನ್ನೂ ಹೇಳಿ. ನಿಮ್ಮ ಮ್ಯೂಸಿಯಂನ ಮಾದರಿ ಬೂಮೋ ಬಗ್ಲಾವೋ ಅಂತ ಹಿಂಭಾಗ ನೋಡಿದರೆ ನೀವೇ ಹೇಳಬಹುದು.

ಬಗ್ಲಾ, ಗಂಜಾ ಎರಡರಲ್ಲೂ ಇರುವ ಗ ನಮ್ಮ ಗ ಅಲ್ಲ. ಗಜಲ್ ಹಾಡುವವರು ಆ ಪದದ ಮೊದಲ ಗ ಅನ್ನು ಗಂಟಲಿನಿಂದ ಉಜ್ಜಿ ಹೇಳುತ್ತಾರಲ್ಲ, ಅದು. ಇಂಗ್ಲಿಷಿನಲ್ಲಿ ಆ ಸದ್ದೇ ಇಲ್ಲ. ಅವರು ಸಾದಾ ಗ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದು ಸ್ವಾರಸ್ಯ. ಗಲ್ಫಿನಲ್ಲಿ ಇವತ್ತು ಇಂಜಿನ್ ಹಾಕಿದ ಮರದ ಹಡಗಿಗೆ ಜನ ‘ಲಂಜ್’ ಅನ್ನುತ್ತಾರೆ. ಆಚೆ ದಡದ ಇರಾನಿನಲ್ಲಿ ‘ಲೆಂಜ್’. ಅಲ್ಲಿನ ಲೆಂಜ್ ಕಟ್ಟುವ, ನಡೆಸುವ ಕಲೆಯನ್ನು 2011ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿತು. ಆ ಪದ ಇಂಗ್ಲಿಷಿನ ಲಾಂಚ್ ಅನ್ನುತ್ತಾರೆ. ನಮ್ಮ ಸಿಗಂದೂರಿನ ಲಾಂಚ್ ಇತ್ತಲ್ಲ, ಅದೇ ಲಾಂಚ್. ಇಂಗ್ಲಿಷಿಗೆ ಅದು ಸ್ಪ್ಯಾನಿಷ್, ಪೋರ್ಚುಗೀಸರ ‘ಲಾಂಚಾ’ದಿಂದ ಬಂದದ್ದು. ಅಂದರೆ ಬಾಯಿ ತಿರುಚಿಕೊಂಡು ಪದ ಸಾಗಿದ್ದು ಒಂದೇ ದಿಕ್ಕಿನಲ್ಲಿ ಅಲ್ಲ. ಅರಬ್ಬರೂ ಇಂಗ್ಲಿಷ್ ಪದವನ್ನು ತಮಗೆ ಬೇಕಾದ ಹಾಗೆ ಮಾಡಿಕೊಂಡಿದ್ದಾರೆ.

ಜಾಂಜಿಬಾರಿನ ದೋಣಿ ಅಂದಿರಲ್ಲ, ಅದು ಙ್ಗಲಾವಾ ಇರಬೇಕು. ಜಾಂಜಿಬಾರ್ ಹಿಂದೆ ಒಮಾನಿ ಸುಲ್ತಾನರ ಆಳ್ವಿಕೆಯಲ್ಲಿ ಇತ್ತು. ಅಲ್ಲಿಂದ ಬಂದು ನೆಲೆಸಿದ, ಮನೆಯಲ್ಲಿ ಸ್ವಾಹಿಲಿ ಆಡುವ ಕುಟುಂಬಗಳು ಮಸ್ಕತ್‌ನಲ್ಲಿ ಬೇಕಾದಷ್ಟಿವೆ. ನನ್ನ ಸಹೋದ್ಯೋಗಿಯೊಬ್ಬರು ಹಾಗೇ. ಅವರು ಹೇಳಿಕೊಟ್ಟ ಪ್ರಕಾರ ಪದ ಶುರುವಾಗುವುದೇ ‘ಙ್ಗ’ದಿಂದ. ಇಂಗ್ಲಿಷಿನವರಿಗೆ ಪದದ ಮೊದಲಿಗೆ ಆ ಸದ್ದು ಬರುವುದಿಲ್ಲ. ಅದಕ್ಕೇ ‘ಎನ್‌ಗಲಾವಾ’ ಅಥವಾ ‘ನಗಲಾವಾ’ ಅನ್ನುತ್ತಾರೆ. ನಮಗೆ ಒಂದು ಸುಲಭ ದಾರಿ ಇದೆ. ‘ಅಂಗಳ’ ಅನ್ನಿ. ಈಗ ಮೊದಲ ಅ ಅನ್ನು ನುಂಗಿ, ಆಮೇಲಿನ ‘ಙ್ಗ’ ಮಾತ್ರ ಹೇಳಿ. ಅಲ್ಲಿಂದ ಮುಂದೆ ಲಾವಾ. ಒತ್ತು ‘ಲಾ’ ಮೇಲೆ. ಸ್ವಾಹಿಲಿಯಲ್ಲಿ ಒತ್ತು ಸಾಮಾನ್ಯವಾಗಿ ಕೊನೆಯಿಂದ ಎರಡನೆಯದರ ಮೇಲೆ ಬೀಳುತ್ತದೆ.

ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಮೈಸೂರು:

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ ತಾಯಿ. ನಿಮ್ಮ ನೌಕಾಪಡೆಯ ಹಿರಿಯರೇ ಇದಕ್ಕೆ ಉತ್ತರ ಕೊಟ್ಟುಬಿಟ್ಟಿದ್ದಾರೆ.

ಮಾಲ್ಟಾ 1964ರವರೆಗೆ ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿನ ದೊಡ್ಡ ಬಂದರಿನಲ್ಲಿ ಯುದ್ಧನೌಕೆ ನಿಂತರೆ ನಾವಿಕರು ದಡಕ್ಕೆ ಹೋಗಲು ಈ ದೋಣಿ ಹತ್ತುತ್ತಿದ್ದರು. ಅಂಬಿಗ ಏನು ಅನ್ನುತ್ತಿದ್ದನೋ ಅದನ್ನೇ ಕೇಳಿ ಡೈಸೊ ಅಂದರು. ಚೀಟಿ ಓದಲಿಲ್ಲ. ಮಾಲ್ಟೀಸ್ ಬರವಣಿಗೆಯಲ್ಲಿ ಜಿ ಮತ್ತು ಗೀಟು ಎಳೆದ ಎಚ್ ಸೇರಿದರೆ ಅದಕ್ಕೆ ಸ್ವಂತ ಸದ್ದಿಲ್ಲ, ಜೆ ಅಂದರೆ ಯ. ಇದು ಗೊತ್ತಿಲ್ಲದೆ ಅಕ್ಷರಗಳನ್ನು ಇಂಗ್ಲಿಷಿನ ಹಾಗೆ ಓದಿದವರಿಗೆ ಡಗಾಜ್‌ಸಾ ಬಂತು. ಅಲ್ಲಿನ ಇನ್ನೊಂದು ದೋಣಿ, ಮುಂಭಾಗದಲ್ಲಿ ಕಣ್ಣು ಬರೆದಿರುತ್ತಾರಲ್ಲ, ಅದರ ಹೆಸರು ‘ಲುತ್ಸು’. ಎರಡು ಜ಼ೆಡ್ ನೋಡಿ ಲುಜ಼ು ಅನ್ನುತ್ತಾರೆ.

ಕಿವಿಯಿಂದ ಬಂದ ಪದ, ಕಣ್ಣಿನಿಂದ ಬಂದ ಪದ. ನಾನು ಇಡೀ ವಿಷಯವನ್ನು ಹೀಗೆ ನೋಡುತ್ತೇನೆ. ಇಂಗ್ಲಿಷಿನವರ ನಾಲಿಗೆ ದಡ್ಡು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅವರು ದಾರಿ ತಪ್ಪಿದ್ದು ಹೆಚ್ಚಾಗಿ ಬೇರೆಯವರ ಸ್ಪೆಲ್ಲಿಂಗ್‌ನಿಂದ.

ಜ಼ೀಬೆಕ್ ನೋಡಿ. ಮೂಲ ಅರಬ್ಬಿಯಲ್ಲಿ ಶಬ್ಬಾಕ್. ಇಟಲಿಯವರು ಶಾಬೆಕ್ಕೊ ಅಂದರು, ಫ್ರೆಂಚರು ಶೆಬೆಕ್, ಕ್ಯಾಟಲನ್ನರು ಶಬೆಕ್. ಎಲ್ಲರಲ್ಲೂ ಶ ಉಳಿದಿದೆ. ಹಳೆಯ ಸ್ಪ್ಯಾನಿಷ್‌ನಲ್ಲಿ ಶ ಸದ್ದಿಗೆ ಎಕ್ಸ್ ಅಕ್ಷರ ಬರೆಯುತ್ತಿದ್ದರು. ಇಂಗ್ಲಿಷಿನವರು ಆ ಎಕ್ಸ್ ಅನ್ನು ಎತ್ತಿಕೊಂಡರು, ಅದರ ಸದ್ದನ್ನು ಬಿಟ್ಟರು. ಇಂಗ್ಲಿಷಿನಲ್ಲಿ ಪದದ ಮೊದಲ ಎಕ್ಸ್ ಜ಼ ಆಗುತ್ತದೆ, ಜ಼ೈಲೊಫೋನ್ ಥರ. ಹಾಗೆ ಜ಼ೀಬೆಕ್ ಹುಟ್ಟಿತು. ಹೋಲಿಸಿ ನೋಡಲು ಒಂದು ಮದ್ಯದ ಹೆಸರಿದೆ, ಶೆರ‍್ರಿ. ಅದು ಸ್ಪೇನಿನ ಒಂದು ಊರಿನ ಹೆಸರು. ಆಗ ಅದನ್ನೂ ಎಕ್ಸ್‌ನಿಂದಲೇ ಬರೆಯುತ್ತಿದ್ದರು, ಶೆರೆಸ್ ಅಂತ ಓದುತ್ತಿದ್ದರು. ವ್ಯಾಪಾರಿಗಳು ಕಿವಿಯಲ್ಲಿ ಕೇಳಿ ತಂದದ್ದರಿಂದ ಅಲ್ಲಿ ಶ ಉಳಿಯಿತು. ಒಂದೇ ಭಾಷೆ, ಒಂದೇ ಅಕ್ಷರ. ಬಾಟಲಿ ಜೊತೆ ಬಂದ ಪದಕ್ಕೆ ಒಂದು ಗತಿ, ಕಾಗದದ ಮೇಲೆ ಬಂದ ಪದಕ್ಕೆ ಇನ್ನೊಂದು ಗತಿ.

ಫೆಲುಕಾದಲ್ಲೂ ಇದೇ. ಈಜಿಪ್ಟಿನವರು ಫಲೂಕಾ ಅನ್ನುತ್ತಾರೆ, ನಡುವಿನ ಊ ದೀರ್ಘ. ಇಂಗ್ಲಿಷಿನಲ್ಲಿ ಅದಕ್ಕೆ ಎರಡು ಸಿ ಬರೆದರು. ಎರಡು ವ್ಯಂಜನ ಕಂಡರೆ ಹಿಂದಿನ ಸ್ವರವನ್ನು ಗಿಡ್ಡ ಮಾಡಿ ಓದುವುದು ಅವರ ಅಭ್ಯಾಸ. ಅದರಿಂದ ಫೆಲಕ್ಕಾ. ಫೆಲೂಕಾ ಅನ್ನುವುದೂ ನಿಘಂಟಿನಲ್ಲಿ ಉಂಟು. ನೀವು ಅದನ್ನೇ ಆರಿಸಿಕೊಳ್ಳಿ, ಯಾರೂ ತಪ್ಪು ಅನ್ನಲಾರರು.

ಕ್ಯಾಟಮರಾನ್ ಕಿವಿಯ ಕಡೆಯದು. ತಮಿಳಿನ ಕಟ್ಟುಮರಂ. ನಮಗೂ ಬಿಡಿಸಿ ಹೇಳಬೇಕಿಲ್ಲ, ಕಟ್ಟಿದ ಮರ. ಕೋರಮಂಡಲ ತೀರದಲ್ಲಿ ಇಂಗ್ಲಿಷಿನವರು ಕೇಳಿ ಕಲಿತರು. ವಿಲಿಯಂ ಡ್ಯಾಂಪಿಯರ್ 1697ರ ತನ್ನ ಪ್ರವಾಸ ಕಥನದಲ್ಲಿ ಅದನ್ನು ವರ್ಣಿಸಿದ್ದಾನೆ. ನಮ್ಮ ಟ ಅವರ ನಾಲಿಗೆಗೆ ಸಿಗಲಿಲ್ಲ, ಒತ್ತು ಹೋಯಿತು, ಆದರೂ ಪದದ ಮೈ ಉಳಿದಿದೆ. ಕೆಟ್ಟದ್ದು ಆಮೇಲೆ, ಅದೂ ಸದ್ದಿನಲ್ಲಿ ಅಲ್ಲ. 1876ರಲ್ಲಿ ಅಮೆರಿಕದ ನಥಾನಿಯಲ್ ಹೆರೆಶಾಫ್ ‘ಅಮರಿಲಿಸ್’ ಎಂಬ ಜೋಡಿ ಒಡಲಿನ ದೋಣಿ ಕಟ್ಟಿದ. ಅಂಥ ದೋಣಿಗಳಿಗೆ ಕ್ಯಾಟಮರಾನ್ ಹೆಸರು ಅಂಟಿಕೊಂಡಿತು. ಮುಂದೆ ಮೂರು ಒಡಲಿನದಕ್ಕೆ ಟ್ರೈಮರಾನ್ ಅಂದರು. ಮರವನ್ನೇ ಮಧ್ಯಕ್ಕೆ ಕಡಿದು ಹೊಸ ಪದ ಕಟ್ಟಿದ ಹಾಗಾಯಿತು. ಚೆನ್ನೈ ಕಡಲದಂಡೆಯ ಮೀನುಗಾರನ ಕಟ್ಟುಮರ ಇವೆರಡೂ ಅಲ್ಲ. ಇದನ್ನು ನಿಮ್ಮ ಆಡಿಯೊದಲ್ಲಿ ಖಂಡಿತ ಹೇಳಿ.

ಜಂಕ್ ಬಗ್ಗೆ ಒಂದು ಮಾತು. ಅದು ಕಸಕ್ಕೆ ಹೇಳುವ ಜಂಕ್ ಅಲ್ಲ, ಎರಡೂ ಬೇರೆ ಬೇರೆ ಪದ. ದೋಣಿಯ ಜಂಕ್ ಮಲಯ, ಜಾವಾ ಕಡೆಯ ‘ಜೋಂಗ್’. ಪೋರ್ಚುಗೀಸರು ಜುಂಕೊ ಮಾಡಿದರು. 14ನೇ ಶತಮಾನದಲ್ಲಿ ಕಲ್ಲಿಕೋಟೆಗೆ ಬಂದ ಇಬ್ನ್ ಬತೂತ ಅಲ್ಲಿ ನಿಂತಿದ್ದ ಚೀನೀ ದೊಡ್ಡ ಹಡಗುಗಳನ್ನು ‘ಜುಂಕ್’ ಅಂತಲೇ ಬರೆದಿದ್ದಾನೆ.

ಯಾಟ್ ಕೂಡ ಪರದೇಶದ್ದೇ, ಅದನ್ನು ನೀವು ಪಟ್ಟಿಯಲ್ಲಿ ಸೇರಿಸಿಲ್ಲ. ಡಚ್ಚರ ‘ಯಖ್ಟ್’. 1660ರಲ್ಲಿ ರಾಜ ಎರಡನೇ ಚಾರ್ಲ್ಸ್‌ಗೆ ಡಚ್ಚರು ‘ಮೇರಿ’ ಎಂಬ ಹಡಗನ್ನು ಉಡುಗೊರೆ ಕೊಟ್ಟರು. ಆ ಬಗೆಯ ವಿಹಾರದ ದೋಣಿ ಇಂಗ್ಲೆಂಡಿನಲ್ಲಿ ಬೇರೂರಿದ್ದು ಅಲ್ಲಿಂದ. ನಡುವಿನ ಗಂಟಲಿನ ಖ್ ಇಂಗ್ಲಿಷಿನಲ್ಲಿ ಕರಗಿಹೋಯಿತು, ಅದರ ಅಕ್ಷರಗಳು ಮಾತ್ರ ಉಳಿದವು. ಆ ಸಿ ಎಚ್ ನೋಡಿ ನಮ್ಮ ಮಕ್ಕಳು ಯಾಚ್ಟ್ ಅನ್ನುವುದನ್ನು ತರಗತಿಯಲ್ಲಿ ಎಷ್ಟು ಸಲ ತಿದ್ದಿದ್ದೇನೋ. ಕಣ್ಣಿನಿಂದ ಕಲಿತರೆ ನಮಗೂ ಅದೇ ಆಗುತ್ತದೆ.

ಸುಮ್ನೆ ಓದುಗ, ಬೆಂಗಳೂರು:

ಚೆನ್ನಾಗಿದೆ ಚರ್ಚೆ. ಆದರೂ ಒಂದು ಮಾತು ಕೇಳಬೇಕು. ಪರಭಾಷೆಯ ಪದವನ್ನು ತನ್ನ ಬಾಯಿಗೆ ಹೊಂದಿಸಿಕೊಳ್ಳುವುದು ಎಲ್ಲ ಭಾಷೆಯೂ ಮಾಡುವ ಕೆಲಸ ಅಲ್ವಾ? ನಾವು ಹಾಸ್ಪಿಟಲನ್ನು ಆಸ್ಪತ್ರೆ ಮಾಡಿಕೊಂಡೆವು. ಬಸ್ಸು, ಕಾರು, ಲಾರಿ ಎಲ್ಲಕ್ಕೂ ನಮ್ಮ ಉ ಕಾರ, ಇ ಕಾರ ಹಚ್ಚಿದೆವು. ಇಂಗ್ಲಿಷರು ಬಂದು ಆಕ್ಷೇಪಣೆ ಮಾಡಲಿಲ್ಲ. ಅವರು ಡೌ, ಜ಼ೀಬೆಕ್ ಅಂದರೆ ನಾವು ಯಾಕೆ ತಿದ್ದಬೇಕು? ಕೇಳುವವರು ಕಾರ್ನ್‌ವಾಲ್ ಜನ. ಅವರಿಗೆ ಅರ್ಥವಾದರೆ ಸಾಕು ಅನ್ನಿಸುತ್ತದೆ.

ಗಂಗೊಳ್ಳಿಯವಳು:

ಭಟ್ಕಳದ ಅಣ್ಣ, ಅಂಗಳದಿಂದ ಅ ತೆಗೆಯುವ ಉಪಾಯ ತುಂಬ ಉಪಯೋಗಕ್ಕೆ ಬಂತು. ಅಡುಗೆಮನೆಯಲ್ಲಿ ಹೇಳಿ ಹೇಳಿ ಈಗ ನಾಲಿಗೆ ಒಗ್ಗಿದೆ. ಮೇಷ್ಟ್ರೇ, ಕಿವಿ ಕಣ್ಣಿನ ಮಾತು ಓದಿದ ಮೇಲೆ ನಮ್ಮ ಮ್ಯೂಸಿಯಂನ ಪಟ್ಟಿಯೇ ನನಗೆ ಬೇರೆ ಥರ ಕಾಣಿಸಿತು.

ಬೆಂಗಳೂರಿನವರಿಗೆ: ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಯಾಟ್, ಕ್ಯಾಟಮರಾನ್, ಜಂಕ್, ಡೌ ಇವೆಲ್ಲ ಇಂಗ್ಲಿಷೇ ಆಗಿಹೋಗಿವೆ. ಅವನ್ನು ನಾನು ತಿದ್ದಲು ಹೋಗುವುದಿಲ್ಲ. ಆದರೆ ದೈಸಾ, ಙ್ಗಲಾವಾ, ದ್ರುವಾ ಇಂಗ್ಲಿಷಿನ ಮನೆಮಾತಾಗಿಲ್ಲ. ನಮ್ಮ ಮ್ಯೂಸಿಯಂಗೆ ಬಂದವರಲ್ಲಿ ಬಹಳ ಜನ ಅವನ್ನು ಜೀವನದಲ್ಲಿ ಮೊದಲ ಸಲ ಕೇಳುವುದೇ ನನ್ನ ದನಿಯಲ್ಲಿ. ಆಸ್ಪತ್ರೆ ಅನ್ನುವ ಪದವನ್ನು ಒಬ್ಬರು ಕೂತು ಮಾಡಲಿಲ್ಲ, ಎಷ್ಟೋ ತಲೆಮಾರಿನ ಜನರ ಬಾಯಲ್ಲಿ ಅದು ಸವೆದು ಬಂತು. ನಾನು ಚೀಟಿ ನೋಡಿ ಅಂದಾಜಿನಲ್ಲಿ ಓದಿದರೆ ಅದು ಸವೆತ ಅಲ್ಲ, ಕೇಳುವ ತೊಂದರೆ ತೆಗೆದುಕೊಳ್ಳದೆ ಇರುವುದು.

ಕಾರ್ನ್‌ವಾಲ್ ಜನಕ್ಕೆ ಅರ್ಥವಾಗುವುದಿಲ್ಲ ಅನ್ನುವುದನ್ನು ಮಾತ್ರ ನಾನು ಒಪ್ಪಲಾರೆ. ಇದೇ ಜನ ಉಚ್ಚಾರದ ವಿಷಯದಲ್ಲಿ ಬಹಳ ಸೂಕ್ಷ್ಮ. ಇಲ್ಲಿ ಫೋವೆ ಅಂತ ಓದಬೇಕು ಅನ್ನಿಸುವ ಒಂದು ಊರಿದೆ, ಅದನ್ನು ಫಾಯ್ ಅನ್ನಬೇಕು. ಮೌಸ್‌ಹೋಲ್ ಅಂತ ಬರೆದಿರುವ ಇನ್ನೊಂದು ಮೀನುಗಾರರ ಊರು, ಅದು ಮೌಜ಼ಲ್. ತಪ್ಪು ಹೇಳಿದರೆ ಅಂಗಡಿಯವರು ನಗುತ್ತಾ ತಿದ್ದುತ್ತಾರೆ. ದೋಣಿಯ ಮಾತಿನಲ್ಲಂತೂ ಇನ್ನೂ ಜಾಸ್ತಿ. ದೋಣಿಯ ಮೇಲಂಚಿಗೆ ಬರೆಯುವುದು ಗನ್‌ವೇಲ್, ಹೇಳುವುದು ಗನಲ್. ಬೋಟ್‌ಸ್ವೇನ್ ಅಂತ ಬರೆದು ಬೋಸನ್ ಅನ್ನುತ್ತಾರೆ. ಫೋರ್‌ಕಾಸಲ್ ಹೋಗಿ ಫೋಕ್ಸಲ್ ಆಗಿದೆ. ಯಾವುದೂ ಬರೆದ ಹಾಗೆ ಇಲ್ಲ, ದೋಣಿಯಲ್ಲಿ ದುಡಿದವರು ಹೇಗೆ ಅಂದರೋ ಹಾಗೆ ಇದೆ. ಹೊಸದಾಗಿ ಹಾಯಿ ಕಲಿಯಲು ಬಂದವನು ಗನ್‌ವೇಲ್ ಅಂದರೆ ಮೊದಲ ದಿನವೇ ತಿದ್ದುತ್ತಾರೆ. ತಮ್ಮ ದೋಣಿಯ ಪದಕ್ಕೆ ಇಷ್ಟು ಮರ್ಯಾದೆ ಕೊಡುವವರಿಗೆ ಮಾಲ್ಟಾದವರ, ಫಿಜಿಯವರ ಪದಕ್ಕೂ ಕೊಡಬೇಕು ಅಂತ ಹೇಳಿದರೆ ಖಂಡಿತ ಅರ್ಥವಾಗುತ್ತದೆ. ಮೇಲ್ವಿಚಾರಕರ ಹತ್ತಿರ ನಾನು ಇದನ್ನೇ ಹೇಳಿದೆ. ಪಟ್ಟಿ ಮಾಡಿಕೊಂಡು ಬಾ, ನೋಡೋಣ ಅಂದಿದ್ದಾರೆ.

ಇನ್ನು ಫಿಜಿ ಕಡೆಯದು ಬಾಕಿ. ಅದರ ಬಗ್ಗೆ ಯಾರಾದರೂ?

ಆಕ್ಲೆಂಡ್ ಕನ್ನಡತಿ:

ನಾನಿದ್ದೇನೆ. ನ್ಯೂಜಿಲೆಂಡಿನಲ್ಲಿ ಶಾಲಾ ಶಿಕ್ಷಕಿ. ನನ್ನ ಕ್ಲಾಸಿನಲ್ಲಿ ಫಿಜಿ, ಟೋಂಗಾ, ಸಮೋವಾ ಮಕ್ಕಳೇ ಹೆಚ್ಚು.

ಫಿಜಿ ಭಾಷೆಯ ಅಕ್ಷರಗಳನ್ನು ಹೊಂದಿಸಿದವರು 1835ರಲ್ಲಿ ಅಲ್ಲಿಗೆ ಬಂದ ಮೆಥಡಿಸ್ಟ್ ಮಿಷನರಿಗಳು, ಡೇವಿಡ್ ಕಾರ್ಗಿಲ್ ಮತ್ತು ವಿಲಿಯಂ ಕ್ರಾಸ್. ಒಂದು ಸದ್ದಿಗೆ ಒಂದೇ ಅಕ್ಷರ ಇರಲಿ ಅನ್ನುವ ಕ್ರಮ. ಡಿ ಬರೆದರೆ ಅದರೊಳಗೆ ಒಂದು ನ ಸೇರಿಯೇ ಇದೆ. ಬಿ ಬರೆದರೆ ಒಳಗೆ ಮ ಇದೆ. ಜಿ ಅಂದರೆ ಬರೀ ಙ, ಕ್ಯೂ ಅಂದರೆ ಙ್ಗ. ಸಿ ಅಂದರೆ ಇಂಗ್ಲಿಷಿನ ‘ದಿಸ್, ದ್ಯಾಟ್’ನ ಮೊದಲ ಸದ್ದು, ನಾಲಿಗೆ ಹಲ್ಲಿನ ಮಧ್ಯೆ ಬರುತ್ತದಲ್ಲ, ಅದು. ಫಿಜಿ ಮಕ್ಕಳಿಗೆ ಇದು ಬಹಳ ಸಲೀಸು. ಹೊರಗಿನವರಿಗೆ ಗೊತ್ತಿರುವುದಿಲ್ಲ, ಅಷ್ಟೆ. ವಿಮಾನ ನಿಲ್ದಾಣದ ಊರನ್ನು ನಾದಿ ಅಂತ ಓದುತ್ತೇವೆ, ಅಲ್ಲಿನವರು ನಾಂದಿ ಅನ್ನುತ್ತಾರೆ.

ಹಾಗಾಗಿ ನಿಮ್ಮ ಜೋಡಿ ಒಡಲಿನ ದೋಣಿ ದ್ರುವಾ ಅಲ್ಲ, ‘ನ್ದ್ರುಅ’. ಭಟ್ಕಳದವರ ಉಪಾಯವೇ ಇಲ್ಲೂ ಬರುತ್ತದೆ. ‘ಇಂದ್ರ’ ಅನ್ನಿ, ಇ ನುಂಗಿ. ಫಿಜಿಯ ರಗ್ಬಿ ತಂಡಕ್ಕೆ ಇದೇ ಹೆಸರು ಇಟ್ಟಿದ್ದಾರೆ. 2022ರಿಂದ ಆ ತಂಡ ಇಲ್ಲಿನ ಸೂಪರ್ ರಗ್ಬಿ ಪಂದ್ಯಾವಳಿಯಲ್ಲಿ ಆಡುತ್ತಿದೆ. ರಗ್ಬಿ ಪಂದ್ಯದ ನೆಪದಲ್ಲಿ ಟಿವಿಯಲ್ಲಿ ಸರಿಯಾದ ಉಚ್ಚಾರ ಕಿವಿಗೆ ಬೀಳುತ್ತದೆ, ನನ್ನ ಬೇರೆ ಮಕ್ಕಳೂ ಅದನ್ನು ಹಿಡಿದುಕೊಂ­ಡಿದ್ದಾರೆ. ಮೇಷ್ಟ್ರು ಹೇಳಿದ ಹಾಗೆ ಕಿವಿಯ ದಾರಿ. ಸುವಾದ ಫಿಜಿ ಮ್ಯೂಸಿಯಂನಲ್ಲಿ ‘ರಾತು ಫಿನಾವು’ ಎಂಬ ನ್ದ್ರುಅ ಇದೆ. 1913ರಲ್ಲಿ ಕಟ್ಟಿದ್ದು, 13 ಮೀಟರಿಗೂ ಉದ್ದ. ಹಳೆಯ ಕಾಲದವು ಇದಕ್ಕಿಂತ ಎಷ್ಟೋ ದೊಡ್ಡದಿದ್ದವು.

ಒಂದೇ ಪಕ್ಕೆಮರದ ಚಿಕ್ಕ ದೋಣಿಯೂ ನಿಮ್ಮಲ್ಲಿ ಇದ್ದರೆ ಅದರ ಚೀಟಿ ಸಿ ಅಕ್ಷರದಿಂದ ಶುರುವಾಗಿರುತ್ತದೆ. ಕಮಕಾವು ಅಂತ ಓದಬೇಡಿ. ದಮಕಾವು, ಆ ದ ಹಲ್ಲಿನ ಮಧ್ಯದ್ದು.

ನ್ಯೂಜಿಲೆಂಡಿನ ಬಗ್ಗೆ ಎರಡು ಮಾತು ಹೇಳದೆ ಇರಲಾರೆ. ಮಾವೊರಿಗಳ ದೋಣಿಗೆ ‘ವಕ’. ಹಿಂದೆ ಇಂಗ್ಲಿಷ್ ಮಾತಾಡುವವರು ‘ವ್ಯಾಕಾ’ ಅನ್ನುತ್ತಿದ್ದರಂತೆ. 1987ರಲ್ಲಿ ಮಾವೊರಿ ಅಧಿಕೃತ ಭಾಷೆಯಾಯಿತು. ಶಾಲೆ, ರೇಡಿಯೊ, ಟಿವಿ ಎಲ್ಲ ಕಡೆ ಅದು ಕೇಳಿಸತೊಡಗಿತು. ಈಗ ನನ್ನ ಕ್ಲಾಸಿನ ಬಿಳಿಯ ಮಕ್ಕಳೂ ಎರಡೂ ಅ ಗಳನ್ನು ಚೊಕ್ಕವಾಗಿ ಹೇಳುತ್ತಾರೆ. ಬಹುವಚನಕ್ಕೆ ಕೊನೆಯಲ್ಲಿ ಎಸ್ ಹಚ್ಚುವುದೂ ಇಲ್ಲ, ಒಂದು ವಕ, ಹತ್ತು ವಕ. ಇಂಗ್ಲಿಷ್ ನಾಲಿಗೆ ಬಗ್ಗುವುದಿಲ್ಲ ಅನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಹವಾಯಿಯ ‘ಹೋಕೂಲೆಅ’ ಕೂಡ ನಿಮ್ಮ ಆಡಿಯೊದಲ್ಲಿ ಬರಬಹುದು. 1976ರಲ್ಲಿ ಉಪಕರಣಗಳಿಲ್ಲದೆ, ನಕ್ಷತ್ರ ಮತ್ತು ಅಲೆ ನೋಡಿಕೊಂಡು ಟಹೀಟಿಗೆ ಹೋದ ಜೋಡಿ ದೋಣಿ. ದಾರಿ ತೋರಿಸಿದವರು ಮೈಕ್ರೊನೇಷ್ಯಾದ ಸತವಾಲ್ ದ್ವೀಪದ ಮಾವು ಪಿಯಾಯ್ಲುಗ್. ಇಂಗ್ಲಿಷಿನಲ್ಲಿ ಅದು ‘ಹೊಕುಲೇಯ’ ಆಗಿಬಿಡುತ್ತದೆ. ದೀರ್ಘ ಇರುವಲ್ಲಿ ಹ್ರಸ್ವ, ಹ್ರಸ್ವ ಇರುವಲ್ಲಿ ದೀರ್ಘ. ನಮ್ಮ ಲಿಪಿಯಲ್ಲಿ ಒ ಓ, ಎ ಏ ಬೇರೆ ಬೇರೆ ಇರುವುದರಿಂದ ಸರಿಯಾಗಿ ಬರೆದುಕೊಳ್ಳಬಹುದು. ‘ಲೆ’ ಆದ ಮೇಲೆ ಉಸಿರನ್ನು ಗಂಟಲಲ್ಲಿ ಒಂದು ಕ್ಷಣ ತಡೆದು ‘ಅ’ ಅನ್ನಿ. ನಡುವೆ ಯ ಬರಬಾರದು.

ಬಂದರ್ ಹುಡುಗ, ಮಂಗಳೂರು:

ಅಕ್ಕಾ, ತುರ್ಕಿಯ ದೋಣಿಗೆ ತುಳುವರೇ ಬೇಕು. ನಾನು ಇಸ್ತಾನ್‌ಬುಲ್‌ನಲ್ಲಿ ಹಡಗಿನ ಕೆಲಸದ ಮೇಲೆ ಇಳಿದಿದ್ದೆ. ಅಲ್ಲಿ ಅದನ್ನು ಕೈಈಕ್ ಅನ್ನುವುದಿಲ್ಲ. ‘ಕಯ್’ ಆದ ಮೇಲೆ ಬರುವ ಸ್ವರಕ್ಕೆ ಅವರು ಚುಕ್ಕೆ ಇಲ್ಲದ ಐ ಬರೆಯುತ್ತಾರೆ. ಅದು ಇ ಅಲ್ಲ, ಉ ಕೂಡ ಅಲ್ಲ. ತುಟಿ ಗುಂಡಗೆ ಮಾಡದೆ ಉ ಅಂದರೆ ಬರುವ ಸದ್ದು. ನಾವು ತುಳುವಿನಲ್ಲಿ ಪದದ ಕೊನೆಯಲ್ಲಿ ಹೇಳುವ ಅರ್ಧ ಉ ಅದಕ್ಕೆ ತೀರಾ ಹತ್ತಿರ. ಇಂಗ್ಲಿಷರು ಫ್ರೆಂಚ್ ಸ್ಪೆಲ್ಲಿಂಗ್ ನೋಡಿ ಈಕ್ ಅಂತ ಎಳೆಯುತ್ತಾರೆ. ಕುಂದಾಪುರದಲ್ಲಿ ತುಳು ಬರುವವರು ಯಾರಾದರೂ ಪರಿಚಯ ಇದ್ದರೆ ಅವರ ಹತ್ತಿರ ಆ ಉ ಕೇಳಿಕೊಳ್ಳಿ.

ಪತ್ತೆಮಾರಿ ಈಗ ಇಲ್ಲಿ ಕಾಣಸಿಗುವುದಿಲ್ಲ. ಹಳೆ ಬಂದರಿನಲ್ಲಿ ಮಂಜಿ ಅನ್ನುವ ಮರದ ಸರಕು ದೋಣಿ ಉಂಟು. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟ್ ಹೋಗುವುದು ಅದರಲ್ಲೇ. ಇಂಜಿನ್ ಬಂದಾಗಿದೆ, ಆದರೆ ಹಾಯಿ ಕಾಲದ ಮಾತು ಇನ್ನೂ ಉಳಿದಿದೆ. ಹಳೆಯ ತಾಂಡೇಲರು, ಅಂದರೆ ದೋಣಿ ನಡೆಸುವ ಮುಖ್ಯಸ್ಥರು, ಕೆಲವರು ದಕ್ಕೆಯಲ್ಲಿ ಸಿಗುತ್ತಾರೆ. ಪತ್ತೆಮಾರಿ, ಮಚ್ವೆ, ಮಂಜಿ ಮೂರನ್ನೂ ಅವರ ದನಿಯಲ್ಲೇ ರೆಕಾರ್ಡ್ ಮಾಡಿ ಕಳಿಸಲಾ?

ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಮೈಸೂರು:

ಮಂಗಳೂರಿನವರು ಹೇಳಿದ ಕೆಲಸ ಮೊದಲು ಆಗಲಿ.

ಓದುವವರಿಗೆ ಒಂದು ಸಲಹೆ. ಬಿಬಿಸಿಯಲ್ಲಿ 1926ರಿಂದಲೇ ಉಚ್ಚಾರಕ್ಕಾಗಿ ಸಮಿತಿ ಇತ್ತು, ಆಮೇಲೆ ಅದಕ್ಕೇ ಒಂದು ವಿಭಾಗ ಬಂತು. ಅವರ ಪದ್ಧತಿ ಸರಳ. ಇಂಗ್ಲಿಷಿನಲ್ಲಿ ನೆಲೆಯೂರಿದ ರೂಪ ಇದ್ದರೆ ಅದೇ ಇರಲಿ. ಇಲ್ಲದಿದ್ದರೆ ಆಯಾ ಊರಿನವರ ಉಚ್ಚಾರಕ್ಕೆ ಇಂಗ್ಲಿಷ್ ಸದ್ದುಗಳಲ್ಲೇ ಎಷ್ಟು ಹತ್ತಿರ ಹೋಗಬಹುದೋ ಅಷ್ಟು ಹೋಗು. ನಿಮ್ಮ ಮೇಲ್ವಿಚಾರಕರಿಗೆ ಇದನ್ನು ಹೇಳಿ, ಧೈರ್ಯ ಬರುತ್ತದೆ. ವಾಕ್ಯದ ಮಧ್ಯೆ ಒಂದು ಪದಕ್ಕೆ ಮಾತ್ರ ಪೂರ್ತಿ ತುರ್ಕಿ ನಾಲಿಗೆ ಬೇಡ, ಕೇಳುವವರು ಅಲ್ಲೇ ಎಡವುತ್ತಾರೆ. ಹೆಸರನ್ನು ವಾಕ್ಯದ ಕೊನೆಗೆ ಇಡಿ. ಆದ ಮೇಲೆ ಒಂದು ಉಸಿರು ಬಿಡಿ. ಮುಂದಿನ ವಾಕ್ಯದಲ್ಲಿ ಇನ್ನೊಮ್ಮೆ ಹೇಳಿ.

ಗಂಗೊಳ್ಳಿಯವಳು:

ಬಂದರ್ ಹುಡುಗ, ದಯವಿಟ್ಟು ಕಳಿಸಪ್ಪ. ಆದರೆ ಅವರ ಒಪ್ಪಿಗೆ ಕೇಳಿ, ಇದು ಮ್ಯೂಸಿಯಂನಲ್ಲಿ ಜನರಿಗೆ ಕೇಳಿಸುತ್ತದೆ ಅಂತ ಹೇಳಿ. ಅವರ ದನಿಯನ್ನೇ ಆಡಿಯೊದಲ್ಲಿ ಹಾಕೋಣ ಅಂತ ಇದೆ. ಪತ್ತೆಮಾರಿ ಮಾದರಿ ಮುಂದೆ ನಿಂತವರಿಗೆ ನನ್ನ ದನಿಗಿಂತ ಮೊದಲು ದಕ್ಕೆಯ ತಾಂಡೇಲರ ದನಿ ಕೇಳಿಸಲಿ. ಹಾಗೇ ದೈಸಾಕ್ಕೆ ಮಾಲ್ಟಾದವರದು, ನ್ದ್ರುಅಕ್ಕೆ ಫಿಜಿಯವರದು ಸಿಗುತ್ತದಾ ಅಂತ ಮೇಲ್ವಿಚಾರಕರ ಹತ್ತಿರ ಇವತ್ತೇ ಕೇಳುತ್ತೇನೆ.

ಆಕ್ಲೆಂಡಿನ ಅಕ್ಕ, ನಿಮ್ಮ ಫಿಜಿ ಮಕ್ಕಳ ಮನೆಯವರಲ್ಲಿ ಯಾರಾದರೂ ಒಪ್ಪಬಹುದಾ? ಅಲ್ಲಿಯವರೆಗೆ ನಾನು ಓದಿದ್ದನ್ನು ನಿಮಗೆ ಮೆಸೇಜ್‌ನಲ್ಲಿ ಹಾಕಿದ್ದೇನೆ. ಮೊದಲ ವಾಕ್ಯ: ‘ಎರಡು ಒಡಲನ್ನು ಜೋಡಿಸಿ ಕಟ್ಟಿದ ಈ ದೋಣಿಯನ್ನು ಫಿಜಿಯ ಜನ ಕರೆಯುವುದು ನ್ದ್ರುಅ.’ ಇಂಗ್ಲಿಷಿನಲ್ಲಿ ಓದಿದ್ದೇನೆ, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಸರಿ ಇದೆಯಾ ಕೇಳಿ ಹೇಳಿ.

ಆಕ್ಲೆಂಡ್ ಕನ್ನಡತಿ:

ಕೇಳಿದೆ. ನ ಚೆನ್ನಾಗಿ ಬಂದಿದೆ. ಒತ್ತು ಕೊನೆಯ ಅ ಮೇಲೆ ಬಿದ್ದಿದೆ, ಅದನ್ನು ‘ದ್ರು’ ಮೇಲೆ ತನ್ನಿ. ದಮಕಾವುನಲ್ಲಿ ಮಾತ್ರ ಕೊನೆಯ ‘ಕಾವು’ ಮೇಲೆ ಒತ್ತು. ಫಿಜಿಯ ಒಬ್ಬ ಹುಡುಗನ ತಾಯಿ ಓದಲು ಒಪ್ಪಿದ್ದಾರೆ. ಎರಡೂ ಹೆಸರು ಹೇಳಿಸಿ ಕಳಿಸುತ್ತೇನೆ.